ಹನ್ನೆರಡು ಕಣ್ಣಿಗೆ ಕಾಣದ್ದು

ನಮ್ಮೂರಿನ ಫೋಟೊಗಳಲ್ಲಿ ಯಾರ ಕೈಯೂ ಕಾಣುವುದಿಲ್ಲ. ಮದುಮಕ್ಕಳು ಶಲ್ಯದೊಳಗೆ ಕೈ ಮುಚ್ಚಿಕೊಳ್ಳುತ್ತಾರೆ, ಮುದುಕರು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ, ಕೂಸುಗಳ ಕೈಯನ್ನು ತಾಯಂದಿರು ಸೆರಗಿನಲ್ಲಿ ಸುತ್ತಿಡುತ್ತಾರೆ. ಇಪ್ಪತ್ತಾರು ವರ್ಷದಿಂದ ಇಲ್ಲಿ ಸ್ಟುಡಿಯೋ ನಡೆಸುತ್ತಿರುವ ನಾನು, ತಿಪ್ಪೇಶಿ, ಸಾವಿರಾರು ಮುಖ ತೆಗೆದಿದ್ದೇನೆ; ಕೈ ಒಂದನ್ನೂ ತೆಗೆದಿಲ್ಲ. ಸುಮ್ಮನೆ ಇಟ್ಟ ಕೈಯ ಫೋಟೊದಿಂದ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಹುಷಾರಾಗಿರುವುದರಲ್ಲಿ ನಷ್ಟವೇನು ಅನ್ನುತ್ತಾರೆ.

ನಮ್ಮಲ್ಲಿ ಕೈಕೆಲಸ ಕಂಡವರ ಪಾಲಾಗುತ್ತದೆ. ಒಬ್ಬರು ಮಾಡುವ ಕೆಲಸವನ್ನು ಇನ್ನೊಬ್ಬರು ಮೊದಲಿಂದ ಕಡೆಯವರೆಗೆ ಕಣ್ಣು ಕೀಲಿಸಿ ನೋಡಿದರೆ ಸಾಕು, ಅದು ಮಾಡುತ್ತಿದ್ದವರ ಕೈ ಬಿಟ್ಟು ನೋಡಿದವರ ಕೈ ಸೇರುತ್ತದೆ. ಹಾಗಾಗಿ ಒಂದು ಕೆಲಸಕ್ಕೆ ಊರಿಗೆಲ್ಲ ಒಂದೇ ಕೈ. ಹೋಳಿಗೆ ತಟ್ಟುವವಳು ಒಬ್ಬಳು, ಕ್ಷೌರ ಮಾಡುವವನು ಒಬ್ಬ. ಕ್ಷೌರದಂಗಡಿಯಲ್ಲಿ ಕನ್ನಡಿ ಇಲ್ಲ. ಕತ್ತರಿ ಸದ್ದು ಕೇಳುತ್ತಲೇ ಕೂತವರು ಕಣ್ಣು ಮುಚ್ಚುತ್ತಾರೆ. ಯಾರಾದರೂ ಕೆಲಸಕ್ಕೆ ಕೈಹಾಕಿದರೆ ಮುಖ ತಿರುಗಿಸುವುದು ನಮ್ಮ ಮರ್ಯಾದೆ. ಮಕ್ಕಳಿಗೆ ನಮಸ್ಕಾರ ಹೇಳಿಕೊಡುವುದಕ್ಕಿಂತ ಮೊದಲು ಇದನ್ನು ಹೇಳಿಕೊಡುತ್ತೇವೆ. ಇನ್ನೊಂದು ಮಾತು: ಒಮ್ಮೆ ಬಿಟ್ಟುಹೋದ ಕೆಲಸ, ಎಷ್ಟೇ ನೋಡಿದರೂ, ಅದೇ ಕೈಗೆ ವಾಪಸ್ಸು ಬರುವುದಿಲ್ಲ. ಸೊಸೆಗೆ ಹೋಳಿಗೆ ತೋರಿಸಿ, ಆಮೇಲೆ ಕೈಕೈ ಹಿಸುಕಿಕೊಂಡು, ತಿಂಗಳುಗಟ್ಟಲೆ ಒಲೆ ಮುಂದೆ ಕೂತು ನೋಡಿದ ಅತ್ತೆಯೊಬ್ಬಳು ನಮ್ಮ ಬೀದಿಯಲ್ಲೇ ಇದ್ದಳು. ಅವಳಿಗೆ ಬಂದದ್ದು ಕೆಮ್ಮು ಮಾತ್ರ.

ನನ್ನ ಸೋದರತ್ತೆ ಸಣ್ಣತಾಯಮ್ಮನದು ಹೂ ಕಟ್ಟುವ ಕೈ. ಮಾರ್ಕೆಟ್ಟಿನ ಮೂಲೆಯ ಅವಳ ಅಂಗಡಿಗೆ ಗೋಣಿ ಪರದೆ. ಒಳಗೆ ಮೊಗ್ಗಿನ ಬುಟ್ಟಿ, ಬಾಳೆ ನಾರು, ಅತ್ತೆ. ಕಟ್ಟಿದ ಮಾಲೆಯನ್ನು ಪರದೆಯ ಈಚೆಗೆ ತಂದು, ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು ಮೊಳ ಹಾಕಿ ಕೊಡುತ್ತಾಳಲ್ಲ, ಊರು ನೋಡಿದ್ದು ಅಷ್ಟನ್ನೇ. ಹೂ ಕಟ್ಟುವುದು ಅಂದರೆ ಮೊಣಕೈ ಆಡಿಸುವ ಕೆಲಸ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಮದುವೆ, ನಾಮಕರಣ, ಹೆಣ ಎತ್ತುವುದು, ಯಾವುದಕ್ಕಾದರೂ ಹೂ ಅವಳ ಕೈಯಿಂದಲೇ ಬರಬೇಕು. ಅವಳಿಗೆ ಜ್ವರ ಬಂದ ವಾರ ಒಬ್ಬ ಮದುಮಗಳು ಬರೀ ತಲೆಯಲ್ಲಿ ಧಾರೆಗೆ ಕೂತಿದ್ದಳು.

ಕೊಡೆ ರಿಪೇರಿಯ ಮುದುಕ ಯಾರಿಗೂ ತೋರಿಸದೆ ಊಟದ ನಡುವೆ ತೀರಿಕೊಂಡ ಮೇಲೆ ಪುರಸಭೆ ಒಂದು ಕಾನೂನು ಮಾಡಿತು: ಎಪ್ಪತ್ತು ತುಂಬಿದ ದಿನ ಯಾರೇ ಆಗಲಿ, ಪುರಸಭೆ ಗೊತ್ತುಮಾಡಿದವರ ಕಣ್ಣಿಗೆ ತಮ್ಮ ಕೆಲಸ ಒಪ್ಪಿಸಬೇಕು. ಅತ್ತೆಗೆ ಎಪ್ಪತ್ತು ತುಂಬಲು ಇನ್ನೊಂದೇ ತಿಂಗಳಿತ್ತು. ಅವಳು ಊಟ ಬಿಟ್ಟಿದ್ದಳು.

“ಕೈ ಕೊಟ್ಟ ಮೇಲೆ ಏನು ಮಾಡ್ಲೋ ನಾನು?” ಎಂದು ಒಂದು ದಿನ ನನ್ನನ್ನು ಕೇಳಿದಳು. “ಕೂತು ನೊಣ ಹೊಡೀಲಾ? ಅರವತ್ತು ವರ್ಷದಿಂದ ಬೆಳಗಾದ್ರೆ ಈ ಬೆರಳಿಗೆ ಒಂದು ಕೆಲಸ ಇದೆ. ಅದನ್ನ ಕಿತ್ಕೊಂಡು ‘ಹೋಗಜ್ಜಿ, ಆರಾಮಾಗಿರು’ ಅಂದ್ರೆ?”

ಅಪ್ಪ ಅಮ್ಮ ಇಲ್ಲದ ನನ್ನನ್ನು ಈ ಕೈಯೇ ಸಾಕಿದ್ದು. ಆದರೆ ಏನು ಹೇಳಲಿ, ಕಾನೂನು ಕಾನೂನೇ.

ಆಗಲೇ ಯಂತ್ರದ ಸುದ್ದಿ ಬಂದದ್ದು. ತಂದವರು ಪುರಸಭೆ ಅಧ್ಯಕ್ಷ ಪಂಚಾಕ್ಷರಪ್ಪನವರು. ಮದುವೆ ಗಂಡುಗಳಿಗೆ ಪೇಟ ಸುತ್ತುವ ಕೈ ಅವರದು. ಅವರಿಗೂ ಅರವತ್ತೆಂಟು ನಡೆಯುತ್ತಿದ್ದುದರಿಂದ ಈ ವಿಷಯದಲ್ಲಿ ಊರಿನ ಹಿತದ ಜೊತೆಗೆ ಸ್ವಂತ ಹಿತವೂ ಸ್ವಲ್ಪ ಇತ್ತು. ಹೊರಗಿನ ಊರುಗಳಲ್ಲಿ ಕುಣಿಯುವವರ ಮೈಗೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ಮೈಯನ್ನು ಬಿಟ್ಟು ಚಲನೆಯೊಂದನ್ನೇ ಹಿಡಿದಿಡುತ್ತಾರಂತೆ. ಅದಕ್ಕೆ ಮೋಷನ್ ಕ್ಯಾಪ್ಚರ್ ಅನ್ನುತ್ತಾರಂತೆ. ಕ್ಯಾಮೆರಾಕ್ಕೆ ಕೈ ಕಾಣುವುದಿಲ್ಲ, ಗುಂಡುಗಳ ಮಿನುಗು ಮಾತ್ರ ಕಾಣುತ್ತದೆ. ಮನುಷ್ಯರ ಕಣ್ಣು ಬೀಳದೆ ಕೈಕೆಲಸ ಯಂತ್ರದಲ್ಲಿ ಉಳಿಯುವುದಾದರೆ ಒಪ್ಪಿಸುವ ಕಾನೂನನ್ನೇ ತೆಗೆದುಹಾಕೋಣ ಎಂದರು ಅಧ್ಯಕ್ಷರು. ಮೊದಲ ಪ್ರಯೋಗ ಸಣ್ಣತಾಯಮ್ಮನ ಮೇಲೆ. ಯಂತ್ರ ಆರಿಸುವ ಹೊಣೆ, ಊರಿನಲ್ಲಿ ಕ್ಯಾಮೆರಾ ಬಲ್ಲ ಏಕೈಕ ವ್ಯಕ್ತಿಯಾದ ನನ್ನ ಮೇಲೆ.

ನನಗೆ ಆವತ್ತು ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅತ್ತೆಯ ಕೈ ಅತ್ತೆಗೇ ಉಳಿಯುತ್ತದೆ, ಉಳಿಸಿದವನು ನಾನು! ಮನೆಗೆ ಓಡಿಹೋಗಿ ಹೇಳಿದೆ. ಅತ್ತೆ ನನ್ನ ಮುಖ ನೋಡಿ, ಎದ್ದು ಹೋಗಿ ಎರಡು ಮುದ್ದೆ ತಿಂದಳು.

ಯಂತ್ರ ತಂದವಳು ಫರ್ಹಾನಾ ಎಂಬ ಹುಡುಗಿ. ಇಂಜಿನಿಯರಂತೆ. ವ್ಯಾನಿನಿಂದ ಎರಡು ಬಗೆಯ ಪೆಟ್ಟಿಗೆ ಇಳಿಸಿ ಪುರಸಭೆಯ ಹಾಲ್‌ನಲ್ಲಿಟ್ಟಳು. ಒಂದರಲ್ಲಿ ಹನ್ನೆರಡು ಕ್ಯಾಮೆರಾ, ಇನ್ನೊಂದರಲ್ಲಿ ಆರು. ಎರಡಕ್ಕೂ ಒಂದೇ ಬೆಲೆ.

“ಇದೆಂಥ ವ್ಯಾಪಾರನಮ್ಮ? ಹನ್ನೆರಡಕ್ಕೂ ಅದೇ, ಆರಕ್ಕೂ ಅದೇ?” ಎಂದೆ.

“ಆರರದ್ದು ರೆಸಲ್ಯೂಷನ್ ಜಾಸ್ತಿ ಸರ್. ಸಣ್ಣದು ಚೆನ್ನಾಗಿ ಕಾಣುತ್ತೆ. ಹನ್ನೆರಡು ಅಂದ್ರೆ ಎಲ್ಲಾ ಕಡೆಯಿಂದ ಕಾಣುತ್ತೆ, ಆದ್ರೆ ಒಂದೊಂದು ಕಣ್ಣು ಸ್ವಲ್ಪ ಮಂಕು. ಯಾವುದು ಬೇಕು ಅನ್ನೋದು ನೀವು ಹಿಡಿಯೋ ಚಲನೆ ಮೇಲಿದೆ. ಅಜ್ಜಿ ಕೆಲಸ ಎಷ್ಟು ದೊಡ್ಡದು ಸರ್? ಕೈ ಎಷ್ಟು ದೂರ ಆಡುತ್ತೆ?”

ನಾನು ಗತ್ತಿನಿಂದ ಮೊಣಕೈ ಚಾಚಿ ಒಂದು ಮೊಳ ಎಳೆದು ತೋರಿಸಿದೆ. “ಇಷ್ಟು.”

“ನೀವು ನೋಡಿದೀರಾ?”

ಹಾಲ್‌ನಲ್ಲಿದ್ದವರೆಲ್ಲ ಗಕ್ಕನೆ ನನ್ನ ಕಡೆ ತಿರುಗಿದರು. ನಮ್ಮೂರಲ್ಲಿ ಒಬ್ಬ ಗಂಡಸನ್ನು ಕೇಳಬಾರದ ಪ್ರಶ್ನೆ ಅದು. “ನೋಡೋದಾ? ಛೆ ಛೆ,” ಎಂದೆ. “ಮೊಳ ಹಾಕೋದು ಊರಿಗೇ ಗೊತ್ತಲ್ಲಮ್ಮ.”

ಅಷ್ಟುದ್ದ ಆಡುವ ಕೈಗೆ ಹನ್ನೆರಡೇ ಸರಿ ಎಂದು ನನಗನ್ನಿಸಿತು. ಅಧ್ಯಕ್ಷರಿಗೂ ಹನ್ನೆರಡೇ ಹಿಡಿಸಿತ್ತು. ಅವರ ಕಾರಣ ಬೇರೆ. “ತೀರಾ ಚೆನ್ನಾಗಿ ಕಾಣೋ ಕಣ್ಣು ನಮಗ್ಯಾಕೆ? ಅದೇ ಕೆಲಸ ಎಳ್ಕೊಂಡುಬಿಟ್ರೆ?” ಎಂದರು.

ಪರೀಕ್ಷೆಗೆ ಗರಡಿಯ ಪೈಲ್ವಾನನೊಬ್ಬನನ್ನು ಕರೆಸಿ, ತೋಳು ತೊಡೆಗಳಿಗೆಲ್ಲ ಗುಂಡು ಅಂಟಿಸಿ, ಬೈಠಕ್ ಹೊಡೆಸಿದೆವು. ಬೈಠಕ್ ಯಾರ ಸ್ವತ್ತೂ ಅಲ್ಲ, ಅದನ್ನು ನೋಡಬಹುದು. ಹನ್ನೆರಡು ಕ್ಯಾಮೆರಾಗಳು ಕೆಂಪಗೆ ಕಣ್ಣು ಬಿಟ್ಟವು. ಕಂಪ್ಯೂಟರಿನ ಪರದೆಯ ಮೇಲೆ ಬರೀ ಚುಕ್ಕಿಗಳ ಪೈಲ್ವಾನನೊಬ್ಬ ಎದ್ದ, ಕೂತ, ತೋಳು ತಟ್ಟಿದ. ಮೈಯಿಲ್ಲ, ಬೆವರಿಲ್ಲ, ಬರೀ ಚಲನೆ. ಜನ ಚಪ್ಪಾಳೆ ತಟ್ಟಿ ತಟ್ಟಿ ಕೈ ನೋಯಿಸಿಕೊಂಡರು. ನಾನಂತೂ ಹನ್ನೆರಡು ಕಣ್ಣಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು “ಇದೇ” ಎಂದುಬಿಟ್ಟೆ. ಫರ್ಹಾನಾ ಏನೋ ಹೇಳಲು ಬಾಯಿ ತೆರೆದಳು, ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು, ಮೊಗ್ಗಿನ ಬುಟ್ಟಿ ಹಿಡಿದು ಬಂದಳು. ಹಾಲ್‌ನ ನಡುವೆ ಚಾಪೆ, ಸುತ್ತ ಗೋಡೆಯುದ್ದಕ್ಕೂ ಹನ್ನೆರಡು ಕ್ಯಾಮೆರಾ. ಗುಂಡು ಅಂಟಿಸಲು ಫರ್ಹಾನಾ ಅವಳ ಕೈ ಹಿಡಿದುಕೊಂಡಾಗ ಅತ್ತೆ ಬೆಚ್ಚಿದಳು. ಸುಮ್ಮನಿದ್ದ ಕೈ ನೋಡಿದರೆ ತೊಂದರೆಯಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಬೆರಳಿಗೆ ಮೂರರಂತೆ ಕಡಲೆಕಾಳಿನಷ್ಟು ದಪ್ಪದ ಗುಂಡುಗಳು.

“ಇದೇನೇ ತಾಯಿ, ಬೆರಳಿಗೆಲ್ಲ ಗಂಟು ಬಂದಂಗಿದೆ,” ಎಂದಳು ಅತ್ತೆ. “ಹೆಂಗೆ ಕಟ್ಲಿ?”

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಜ್ಜಿ. ಚಿಕ್ಕದು ಹಾಕಿದ್ರೆ ಈ ಕ್ಯಾಮೆರಾಗಳಿಗೆ ಕಾಣಲ್ಲ.”

ನಾವೆಲ್ಲ ಗೋಡೆಗೆ ಮುಖ ಹಾಕಿ ನಿಂತೆವು. ಪರದೆಯ ಚುಕ್ಕಿಗಳನ್ನು ನೋಡಿದರೂ ಕೆಲಸ ಹೋಗಿಬಿಟ್ಟೀತೆಂದು ಅಧ್ಯಕ್ಷರಿಗೆ ಅನುಮಾನ. ಹಾಗಾಗಿ ಮೊದಲ ಮೊಳಕ್ಕೆ ಫರ್ಹಾನಾ ಒಬ್ಬಳೇ, ಅತ್ತೆಗೆ ಬೆನ್ನು ಹಾಕಿ, ಪರದೆ ನೋಡಬೇಕೆಂದಾಯಿತು. ನಾರಿನ ಸರಸರ ಕೇಳಿತು. ಸ್ವಲ್ಪ ಹೊತ್ತಿಗೆ ಅತ್ತೆ “ಆಯ್ತು” ಎಂದಳು. ಅಧ್ಯಕ್ಷರು ಒಡನೆಯೇ ಫರ್ಹಾನಾಳ ಕೈಗೆ ನಾರು, ಮೊಗ್ಗು ಕೊಟ್ಟು ಕಟ್ಟು ಅಂದರು. ಹುಡುಗಿ ಒದ್ದಾಡಿದಳು, ಮೊಗ್ಗೆಲ್ಲ ನೆಲದ ಪಾಲಾಯಿತು. ಅತ್ತೆ ಮತ್ತೊಂದು ಗಂಟು ಹಾಕಿ ನೋಡಿದಳು, ಸರಿಯಾಗಿ ಬಿತ್ತು. ಕೈ ಅವಳಲ್ಲೇ ಇತ್ತು. ಎಲ್ಲರೂ ಹೋ ಎಂದು ಪರದೆಯ ಮುಂದೆ ನುಗ್ಗಿದೆವು.

ಪರದೆಯ ಮೇಲೆ ಕಂಡದ್ದನ್ನು ಕೈ ಎಂದು ಕರೆಯಲು ಯಾರಿಗೂ ಮನಸ್ಸು ಬರಲಿಲ್ಲ. ಮೊದಲು ಐದು ಬೆರಳು ನೆಟ್ಟಗಿದ್ದವು. ಕಟ್ಟಲು ತೊಡಗಿದ್ದೇ ತಡ, ಹೆಬ್ಬೆರಳು ತೋರುಬೆರಳೊಳಗೆ ಮುಳುಗಿತು, ನಡುಬೆರಳು ಅಂಗೈಯಿಂದ ಹೊರಗೆ ಹಾರಿತು, ಆಮೇಲೆ ಚುಕ್ಕಿಗಳೆಲ್ಲ ಒಂದು ಉಂಡೆಯಾಗಿ ನಡುಗುತ್ತಾ ಕೂತವು.

“ಈ ಕೆಲಸ ಮೊಳದಷ್ಟಿಲ್ಲ ಸರ್,” ಎಂದಳು ಫರ್ಹಾನಾ ಮೆಲ್ಲಗೆ. “ಉಗುರಿನಷ್ಟಿದೆ. ಒಂದು ಬೆರಳಿಗೂ ಇನ್ನೊಂದಕ್ಕೂ ನಡುವೆ ಒಂದು ಮೊಗ್ಗಿನ ದಪ್ಪ ಅಷ್ಟೇ.” ಆಮೇಲೆ ಅತ್ತೆಯ ಕಡೆ ತಿರುಗಿದಳು. “ಅಜ್ಜಿ, ಕ್ಯಾಮೆರಾ ಒಳಗೆ ಚೌಕ ಚೌಕ ಮನೆಗಳಿರುತ್ತವೆ, ಜರಡಿ ಥರ. ನಿಮ್ಮ ಎರಡು ಬೆರಳೂ ಒಂದೇ ಮನೆಗೆ ಬಂದು ಬಿದ್ರೆ ಅದಕ್ಕೆ ಒಂದೇ ಬೆರಳು ಅನ್ಸುತ್ತೆ. ಪೈಲ್ವಾನರ ತೋಳು ದೊಡ್ಡದು, ಅದಕ್ಕೆ ನೂರಾರು ಮನೆ ಸಿಕ್ಕಿತ್ತು. ನಿಮ್ಮ ಬೆರಳಿಗೆ ಎರಡೋ ಮೂರೋ ಸಿಗ್ತಿದೆ.”

“ರಾಗಿ ಜರಡೀಲಿ ಸಾಸಿವೆ ಹಿಡಿಯೋಕೆ ಹೊರಟಿದಾನೆ ನನ್ನ ಅಳಿಯ,” ಎಂದಳು ಅತ್ತೆ.

ಎಲ್ಲರೂ ನಕ್ಕರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಕ್ಯಾಮೆರಾ ಹಿಡಿದವನು, ಹಿಡಿಯಬೇಕಾದ ವಸ್ತು ಎಷ್ಟಿದೆ ಎಂದು ತಿಳಿಯದೆ ಕ್ಯಾಮೆರಾ ಆರಿಸಿದ್ದೆ. ಆದರೆ ನಮ್ಮೂರಿನಲ್ಲಿ ತಿಳಿಯುವುದಾದರೂ ಹೇಗೆ?

ಸುಮ್ಮನೆ ಸೋಲೊಪ್ಪಲು ಮನಸ್ಸಾಗಲಿಲ್ಲ. ಸಣ್ಣದು ಕಾಣದಿದ್ದರೆ ಹತ್ತಿರ ಹೋಗು ಎಂಬುದು ಫೋಟೊ ತೆಗೆಯುವವನ ಮೊದಲ ಪಾಠ. ಹನ್ನೆರಡನ್ನೂ ಗೋಡೆಯಿಂದ ಕಿತ್ತು ಚಾಪೆಯ ಅಂಚಿಗೆ ತಂದು ಅತ್ತೆಯ ಸುತ್ತ ನಿಲ್ಲಿಸಿದೆವು. ಫರ್ಹಾನಾ ಕೂಡ ಉತ್ಸಾಹದಿಂದ ತಲೆಯಾಡಿಸಿದಳು. ಹತ್ತಿರ ಹೋದರೆ ಅದೇ ಮನೆಗಳೆಲ್ಲ ಬೆರಳಿನ ಪಾಲಿಗೇ ಬರುತ್ತವಂತೆ. ನಿಜವಾಗಿಯೂ ಚಿತ್ರ ಸುಧಾರಿಸಿತು. ಹೆಬ್ಬೆರಳು ಹೆಬ್ಬೆರಳಾಯಿತು. ನಾನು ಕುಣಿದಾಡುವಷ್ಟರಲ್ಲಿ ಗಂಟು ಬೀಳುವ ಜಾಗ ಬಂತು, ದಪ್ಪ ಗುಂಡುಗಳು ಒಂದಕ್ಕೊಂದು ತಾಗಿದವು, ಮತ್ತೆ ಉಂಡೆ. ನಾಲ್ಕು ಸಲ ಮಾಡಿದೆವು. ನಾಲ್ಕು ಸಲವೂ ಗಂಟಿನ ಹತ್ತಿರ ಬಂದು ಎಡವಿದೆವು.

ಅತ್ತೆ ಕಟ್ಟಿದ ಮಾಲೆಯನ್ನು ಎತ್ತಿ ಹಿಡಿದಳು. ಅಲ್ಲಲ್ಲಿ ಸಡಿಲ, ಅಲ್ಲಲ್ಲಿ ಮೊಗ್ಗು ತಲೆಕೆಳಗು. ಅಂಥ ಮಾಲೆ ಅವಳ ಕೈಯಿಂದ ಬಂದದ್ದನ್ನು ನಾನು ಕಂಡಿರಲಿಲ್ಲ.

“ಈ ಕಡಲೆಕಾಳು ಕಟ್ಕೊಂಡು ಮಾಡಿದ್ದು ನನ್ನ ಕೆಲಸ ಅಲ್ಲ,” ಎಂದಳು. “ಇಡೋದಾದ್ರೆ ಸರಿಯಾಗಿ ಇಡ್ರಪ್ಪ. ನಾನು ಸತ್ತ ಮೇಲೆ ಯಾರೋ ಇದನ್ನ ನೋಡಿ ‘ಸಣ್ಣತಾಯಿ ಹಿಂಗೆ ಕಟ್ತಿದ್ಲು’ ಅನ್ನೋದು ಬೇಡ. ಆ ಆರು ಕಣ್ಣು ತಗೀರಿ.”

ಅಧ್ಯಕ್ಷರು ಎದ್ದು ನಿಂತರು. “ಅಕ್ಕಾ, ಯೋಚನೆ ಮಾಡಿ. ಮಂಕು ಕಣ್ಣಿಗೆ ಕೆಲಸ ಸಿಗಲಿಲ್ಲ, ಅದಕ್ಕೆ ನಿಮ್ಮಲ್ಲೇ ಉಳೀತು. ಅವು ಚೆನ್ನಾಗಿ ನೋಡೋ ಕಣ್ಣು. ನೋಡಿದ್ದೇ ಎಳ್ಕೊಂಡ್ರೆ ಏನು ಮಾಡ್ತೀರಿ?”

“ಇನ್ನೊಂದು ತಿಂಗಳಿಗೆ ನೀವೇ ಎಳ್ಕೊಳ್ಳೋರು,” ಎಂದಳು ಅತ್ತೆ.

ಆರು ಕ್ಯಾಮೆರಾ ಬಂದವು. ಈ ಸಲ ಗುಂಡುಗಳು ಸಬ್ಬಕ್ಕಿ ಕಾಳಿಗಿಂತ ಸಣ್ಣವು. ಅತ್ತೆ ಬೆರಳು ಮಡಿಸಿ ಬಿಡಿಸಿ ನೋಡಿ, ಇವು ಇರುವುದೇ ಗೊತ್ತಾಗುವುದಿಲ್ಲ ಎಂದಳು. ಒಂದೊಂದು ಕ್ಯಾಮೆರಾವನ್ನೂ ಎಲ್ಲಿಡಬೇಕು, ಯಾವ ಬೆರಳು ಯಾವುದರ ಹಿಂದೆ ಮರೆಯಾಗುತ್ತದೆ ಎಂದು ಫರ್ಹಾನಾ ಅರ್ಧ ದಿನ ಲೆಕ್ಕ ಹಾಕಿದಳು. ಈಗ ಚುಕ್ಕಿ ನೋಡಿದರೆ ತೊಂದರೆಯಿಲ್ಲವೆಂದು ತಿಳಿದಿತ್ತಲ್ಲ, ಹಾಲ್ ತುಂಬ ಜನ. ಎಲ್ಲರೂ ಅತ್ತೆಗೆ ಬೆನ್ನು ಹಾಕಿ ಪರದೆ ಕಡೆ ಮುಖ ಮಾಡಿ ಕೂತರು. ನಾನು ಎಲ್ಲರಿಗಿಂತ ಹಿಂದೆ, ಅತ್ತೆಯ ಚಾಪೆಗೆ ಹತ್ತಿರ.

“ಶುರು ಮಾಡಿ ಅಜ್ಜಿ.”

ಅಯ್ಯೋ, ಅದನ್ನು ಹೇಗೆ ಹೇಳಲಿ. ಕಪ್ಪು ಪರದೆಯ ಮೇಲೆ ಎರಡು ಕೈ ಅರಳಿದವು. ಬೆಳಕಿನ ಕಾಳುಗಳು ಬೇರೆಬೇರೆಯಾಗಿ, ಸ್ಪಷ್ಟವಾಗಿ, ಒಂದರೊಳಗೊಂದು ಬೆರೆಯದೆ ಓಡಾಡಿದವು. ಎಡಗೈ ನಾರು ಹಿಡಿದಿತ್ತು. ಬಲಗೈಯ ಎರಡು ಬೆರಳು ಮೊಗ್ಗನ್ನು ಇಟ್ಟವು, ನಾರು ಒಂದು ಸುತ್ತು ಸುತ್ತಿತು, ಹೆಬ್ಬೆರಳು ಸುತ್ತಿನ ಕೆಳಗೆ ನುಸುಳಿ ಮೇಲೆ ಬಂತು, ಗಂಟು. ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು. ಇದು ಮೊಣಕೈ ಕೆಲಸವಲ್ಲವೇ ಅಲ್ಲ. ಅರವತ್ತು ವರ್ಷ ಈ ಊರು ಮುಡಿದ ಹೂವೆಲ್ಲ ಈ ಉಗುರಿನಷ್ಟು ಜಾಗದಲ್ಲಿ ಹುಟ್ಟಿತ್ತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಆಗ ಒಂದು ವಿಚಿತ್ರ ಕಂಡೆ. ಪ್ರತಿ ಗಂಟು ಬೀಳುವ ಮುಂಚೆ ಬಲಗೈಯ ಕಿರುಬೆರಳು ಪಕ್ಕಕ್ಕೆ ಎದ್ದು, ನಾರನ್ನು ಒಂದಿಷ್ಟೇ ಮೀಟಿ, ಕೆಳಗೆ ಬೀಳುತ್ತಿತ್ತು. ಇಷ್ಟು ಸಣ್ಣ ಅಲುಗಾಟ ನಿಜವೇ, ಅಥವಾ ಯಂತ್ರ ತನ್ನಷ್ಟಕ್ಕೆ ಸೇರಿಸಿದ್ದೇ? ತೆಗೆದ ಚಿತ್ರವನ್ನು ಎದುರಿನ ಮುಖದ ಜೊತೆ ತಾಳೆ ನೋಡುವುದು ನನ್ನ ಕಸುಬಿನ ಅಭ್ಯಾಸ. ಕೊರಳು ತಾನಾಗಿ ತಿರುಗಿತು.

ಕಿರುಬೆರಳು ಎದ್ದಿತು, ಮೀಟಿತು, ಬಿತ್ತು. ನಿಜವೇ ಆಗಿತ್ತು. ಇನ್ನೊಂದು ಸಲ ನೋಡಿದೆ, ಮತ್ತೊಂದು ಸಲ. ಅತ್ತೆಯ ಕಣ್ಣು ಬುಟ್ಟಿಯ ಮೇಲಿತ್ತು, ಜನರ ಕಣ್ಣು ಪರದೆಯ ಮೇಲೆ. ನನ್ನನ್ನು ಯಾರೂ ನೋಡಲಿಲ್ಲ. ಅವಳು ಹೊಸ ಮೊಳ ಹಿಡಿದು ಅದನ್ನು ಮುಗಿಸುವವರೆಗೆ ನಾನು ಲೋಕವನ್ನೇ ಮರೆತಿದ್ದೆ. ನನ್ನ ಬೆರಳ ತುದಿಗಳು ಬೆಚ್ಚಗಾಗಿ ಜುಮುಗುಟ್ಟತೊಡಗಿದಾಗಲೇ ಎಚ್ಚರವಾದದ್ದು.

ಅತ್ತೆ ಮುಂದಿನ ಮೊಗ್ಗಿಗೆ ಕೈಹಾಕಿದಳು. ಮೊಗ್ಗು ಜಾರಿತು. ಇನ್ನೆರಡು ತೆಗೆದಳು. ನಾರು ಸುತ್ತಿಕೊಂಡು ಸಿಕ್ಕಾಯಿತು. ಪರದೆಯ ಮೇಲಿನ ಕೈ ಬೆಪ್ಪಾಗಿ ನಿಂತಿತು.

“ಹೋಯ್ತು,” ಎಂದಳು ಅತ್ತೆ. ಅಷ್ಟೇ.

ಹಾಲ್ ಸಂತೆಯಾಯಿತು. “ನಾನು ಹೇಳ್ಲಿಲ್ವಾ?” ಎಂದು ಅಧ್ಯಕ್ಷರು ಕೂಗಿದರು. “ಚೆನ್ನಾಗಿ ನೋಡೋ ಕಣ್ಣು ಬೇಡ ಅಂದೆ. ಯಂತ್ರವೇ ಎಳ್ಕೊಂತು. ಅಳಿಸಮ್ಮ ಅದನ್ನ. ಎಲ್ಲಾ ಅಳಿಸಿ, ಈ ಪೆಟ್ಟಿಗೆಗಳನ್ನ ಈಗಲೇ ಊರಾಚೆ ಹಾಕು.”

ಫರ್ಹಾನಾಳ ಮುಖ ಬಿಳಿಚಿಕೊಂಡಿತ್ತು. ಕೀಬೋರ್ಡಿನ ಮೇಲೆ ಕೈಯಿಟ್ಟಳು. ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಕ್ಯಾಮೆರಾ ಮಾಡಿತು ಎಂದು ಊರು ನಂಬುತ್ತಿತ್ತು. ನಮ್ಮೂರಲ್ಲಿ ಕದ್ದು ನೋಡಿದವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ನೀರು ಕೊಡುವುದಿಲ್ಲ. ನಾನು ಹೇಡಿ ಎಂದು ಒಪ್ಪಿಕೊಳ್ಳುತ್ತೇನೆ; ಒಂದು ಕ್ಷಣ ಸುಮ್ಮನೇ ಇದ್ದೆ. ಆದರೆ ಅಳಿಸಿದರೆ ಆ ಕೈ ಎಲ್ಲೂ ಇರುವುದಿಲ್ಲವಲ್ಲ. ಅತ್ತೆಯ ಕೈ, ಅವಳು ಕಟ್ಟಿದ ಹಾಗೆಯೇ ಇದ್ದದ್ದು, ಆ ಕಂಪ್ಯೂಟರಿನೊಳಗೆ ಮಾತ್ರ.

“ಅಳಿಸಬೇಡ,” ಎಂದೆ. “ಕ್ಯಾಮೆರಾ ಅಲ್ಲ. ನಾನು ನೋಡಿದೆ.”

ಯಾರೂ ನಂಬಲಿಲ್ಲ. ಬುಟ್ಟಿಯ ಹತ್ತಿರ ಹೋಗಿ ನಾರು ತೆಗೆದುಕೊಂಡೆ. ಅಷ್ಟು ಸಿಟ್ಟಿನಲ್ಲೂ ಊರಿಗೆ ಊರೇ ಅಭ್ಯಾಸಬಲದಿಂದ ಗೋಡೆಗೆ ತಿರುಗಿತು. ಅತ್ತೆಯೊಬ್ಬಳು ತಿರುಗಲಿಲ್ಲ. ಅವಳೆದುರು ಕೂತು ನಾನು ಒಂದು ಮೊಳ ಕಟ್ಟಿದೆ. ಬೆರಳುಗಳು ನನ್ನವಾಗಿರಲಿಲ್ಲ, ಸರಾಗವಾಗಿ ಓಡಿದವು. ಮಾಲೆಯನ್ನು ಅಧ್ಯಕ್ಷರ ಮುಂದೆ ಇಟ್ಟೆ. ಒಂದು ಮೊಗ್ಗೂ ಅಲುಗುವ ಹಾಗಿರಲಿಲ್ಲ.

“ಕಿರುಬೆರಳು ಹಂಗಾ ಆಡಿಸ್ತಿದ್ದೆ ನಾನು?” ಎಂದಳು ಅತ್ತೆ. ಅವಳ ದನಿ ಒಡೆದಿತ್ತು. “ನನಗೇ ಗೊತ್ತಿರಲಿಲ್ಲ ಕಣೋ. ಹೋಗು. ಇನ್ನು ನನ್ನ ಕಣ್ಣೆದುರಿಗೆ ಬರಬೇಡ.”

ಊರಿಗೆ ಹೂವಂತೂ ಬೇಕಲ್ಲ. ಮರುದಿನದಿಂದ ಪುರಸಭೆ ನನ್ನನ್ನು ಅವಳ ಅಂಗಡಿಯಲ್ಲೇ, ಅವಳ ಪರದೆಯ ಹಿಂದೆಯೇ ಕೂರಿಸಿತು. ಗಿರಾಕಿಗಳು ಮಾತಾಡದೆ ಹೂ ತೆಗೆದುಕೊಂಡು ಹೋಗುತ್ತಿದ್ದರು.

ಊರು ಬಿಡದೆ ಉಳಿದವಳು ಫರ್ಹಾನಾ. ಮೂರನೆಯ ದಿನ ಹೂ ಕೊಳ್ಳುವ ನೆಪದಲ್ಲಿ ಬಂದು, ಪರದೆಯಾಚೆ ನಿಂತು ಹೇಳಿದಳು: “ಸರ್, ಅಜ್ಜಿ ದಿನಾ ಹಾಲ್‌ಗೆ ಬರ್ತಿದಾರೆ. ಕಲ್ಕೊಳ್ತಿದಾರೆ.”

“ಏನನ್ನ?”

“ಹೂ ಕಟ್ಟೋದನ್ನ.”

“ಬಿಟ್ಟುಹೋದ ಕೆಲಸ ನೋಡಿದ್ರೆ ವಾಪಸ್ ಬರಲ್ಲಮ್ಮ.”

“ನೋಡಿ ಅಲ್ಲ ಸರ್, ಮಾಡಿ. ನಮ್ಮೂರಲ್ಲಿ ಹಿಂಗೇ ಕಲಿಯೋದು. ಒಂದು ಗಂಟು, ತಪ್ಪು, ಬಿಚ್ಚು, ಮತ್ತೆ ಗಂಟು. ಆರು ಕ್ಯಾಮೆರಾದ್ದು ಎಷ್ಟು ಬೇಕಾದ್ರೂ ನಿಧಾನ ಮಾಡಬಹುದು, ದೊಡ್ಡದು ಮಾಡಬಹುದು, ಒಂದು ಬೆರಳೂ ಕಲಸಿಹೋಗಲ್ಲ. ಹನ್ನೆರಡು ಕ್ಯಾಮೆರಾದ್ದಾಗಿದ್ರೆ ಗಂಟಿನ ಜಾಗದಲ್ಲಿ ಉಂಡೆ ಬಿಟ್ರೆ ಏನಿರ್ತಿತ್ತು ಹೇಳಿ.”

ನಾನು ಕೂತಲ್ಲೇ ನೆಟ್ಟಗಾದೆ. ಕೆಲಸವೊಂದನ್ನು ಹಾಗೆ ಚೂರು ಚೂರಾಗಿ ಕಲಿತವರು ನಮ್ಮೂರಿನ ಇತಿಹಾಸದಲ್ಲೇ ಇರಲಿಲ್ಲ. ನಾನೂ ಒಂದು ಗಂಟನ್ನು ನಿಧಾನ ಹಾಕಿ ನೋಡಲು ಹೋದೆ. ಕೈ ತಬ್ಬಿಬ್ಬಾಗಿ ನಾರು ಸಿಕ್ಕಾಯಿತು. ನನಗೆ ಬಂದದ್ದು ಇಡಿಯಾಗಿ ಬಂದಿತ್ತು, ಅದರೊಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಪ್ರತಿದಿನ ಫರ್ಹಾನಾಳ ಸುದ್ದಿಗೆ ಕಾದು ಕೂರುತ್ತಿದ್ದೆ. ಇವತ್ತು ಒಂದು ಗಂಟು ನಿಂತಿತು. ಇವತ್ತು ಮೂರು. ಇವತ್ತು ಸಿಟ್ಟು ಬಂದು ಬುಟ್ಟಿ ಒದ್ದರು. ಇವತ್ತು ಗೇಣುದ್ದ.

ಎಪ್ಪತ್ತು ತುಂಬಿದ ದಿನ, ಸಂತೆಯ ಹೊತ್ತಿಗೆ, ಅತ್ತೆ ಅಂಗಡಿಗೆ ಬಂದಳು. ನಾನು ಗಡಬಡಿಸಿ ಎದ್ದೆ. ಅವಳು ನನ್ನತ್ತ ತಿರುಗಿಯೂ ನೋಡದೆ ತನ್ನ ಜಾಗದಲ್ಲಿ ಕೂತು, ಗೋಣಿ ಪರದೆಯನ್ನು ಒಂದೇ ಎಳೆತಕ್ಕೆ ಕಿತ್ತುಹಾಕಿದಳು. ಸಂತೆಯ ಜನ ಹೌಹಾರಿ ಬೆನ್ನು ತಿರುಗಿಸಿದರು.

“ಎಲ್ಲಾ ಈ ಕಡೆ ತಿರುಗಿ,” ಎಂದಳು ಅತ್ತೆ. “ಇವತ್ತು ನಾನು ಒಪ್ಪಿಸೋ ದಿನ. ನೋಡ್ರಿ.”

ಅಧ್ಯಕ್ಷರು ಓಡಿಬಂದರು. “ಅಕ್ಕಾ, ಬ್ಯಾಡಿ. ಎಷ್ಟು ಕಷ್ಟಪಟ್ಟು ಗಿಟ್ಟಿಸ್ಕೊಂಡಿದ್ದೀರಿ. ಇಷ್ಟು ಜನ ನೋಡಿದ್ರೆ ಇನ್ನೊಂದು ಸಲ ಹೋಗುತ್ತೆ.”

“ಮೊದಲನೇದು ಬಂದಿತ್ತು, ಹೋಯ್ತು,” ಎಂದಳು. “ಇದು ಬಂದಿದ್ದಲ್ಲ ಪಂಚಾಕ್ಷರಪ್ಪ, ಕಲ್ತಿದ್ದು. ಹೆಂಗೆ ಹೋಗುತ್ತೋ ನಾನೂ ನೋಡ್ತೀನಿ.”

ಒಬ್ಬೊಬ್ಬರಾಗಿ ತಿರುಗಿದರು. ಬದನೆಕಾಯಿ ಮಾರುವವರು, ಬಳೆಯವರು, ಕ್ಷೌರದವನು, ಎಲ್ಲರೂ ಹೆದರುತ್ತಾ ಹೆದರುತ್ತಾ ಕಣ್ಣು ಬಿಟ್ಟರು. ಅತ್ತೆ ಕಟ್ಟತೊಡಗಿದಳು. ಮೊದಲಿನ ಓಟವಿರಲಿಲ್ಲ, ಒಂದು ಕಡೆ ಗಂಟು ಬಿಚ್ಚಿ ಮತ್ತೆ ಹಾಕಿದಳು. ಮೊಳ ಮುಗಿಯಿತು. ಅಷ್ಟು ಕಣ್ಣು ಮೊದಲಿಂದ ಕಡೆಯವರೆಗೆ ನೋಡಿದ ಮೊದಲ ಕೈಕೆಲಸ ಅದು. ಎಲ್ಲರೂ ತಂತಮ್ಮ ಬೆರಳು ಮುಟ್ಟಿ ನೋಡಿಕೊಂಡರು. ಯಾರ ಬೆರಳೂ ಬೆಚ್ಚಗಾಗಿರಲಿಲ್ಲ.

ಅತ್ತೆ ಬುಟ್ಟಿಯಿಂದ ಮತ್ತೆರಡು ಮೊಗ್ಗು ತೆಗೆದಳು. ನಾರು ಸುತ್ತಿತು, ಹೆಬ್ಬೆರಳು ನುಸುಳಿತು, ಗಂಟು ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು.

ಸಂತೆಯೇ ಹೋ ಎಂದಿತು. ನನ್ನಿಂದ ತಡೆಯಲಾಗಲಿಲ್ಲ, ಅಳು ಬಂತು. ಯಾರಿಗೂ ಕಾಣಬಾರದೆಂದು ಗೋಡೆಗೆ ಮುಖ ಹಾಕಿ ನಿಂತೆ.

“ತಿಪ್ಪೇಶಿ,” ಎಂದಳು ಅತ್ತೆ. ತಿಂಗಳಾಗುತ್ತ ಬಂದಿತ್ತು ಅವಳು ನನ್ನ ಹೆಸರು ಹಿಡಿದು. “ಕದ್ದು ನೋಡಿದ್ದು ಎಷ್ಟು ದಿನ ಇರುತ್ತೆ ನಿನ್ನ ಹತ್ರ? ನಾಳೆ ಯಾರಾದ್ರೂ ನೋಡಿದ್ರೆ ಹೋಯ್ತು. ಬಾ ಇಲ್ಲಿ, ಕೂತ್ಕೋ. ಮೊದಲನೇ ಗಂಟಿಂದ ಹೇಳ್ಕೊಡ್ತೀನಿ.”

ನಾನು ಹೋಗಿ ಅವಳೆದುರು ಕೂತೆ.